ಪೊಮೋನಾದ ಪಂಡಿತರು

1942ರ ಮಾರ್ಚ್ 17ರ ರಾತ್ರಿ ಕ್ಯಾಲಿಫೋರ್ನಿಯಾದ ಪೊಮೋನಾ ಎಂಬ ಊರಿನ ಫಾಕ್ಸ್ ಟಾಕೀಸಿಗೆ ಜನ ಬಂದದ್ದು ಹಾಡು ಕುಣಿತ ನೋಡಲಿಕ್ಕೆ. ‘ದ ಫ್ಲೀಟ್ಸ್ ಇನ್’ ಎಂಬ ಚಿತ್ರ. ಡೊರೊಥಿ ಲಮೂರ್, ನೌಕಾಪಡೆಯ ಹುಡುಗರು, ಬ್ಯಾಂಡು, ತಮಾಷೆ. ಪರ್ಲ್ ಹಾರ್ಬರಿನ ಮೇಲೆ ಬಾಂಬು ಬಿದ್ದು ಅವತ್ತಿಗೆ ಸರಿಯಾಗಿ ನೂರು ದಿನ. ಮನೆಮನೆಯ ಗಂಡುಮಕ್ಕಳಿಗೆ ಸೈನ್ಯದಿಂದ ಓಲೆ ಬರುತ್ತಿದ್ದ ಕಾಲ. ಒಂದಿಷ್ಟು ನಕ್ಕು ಮನೆಗೆ ಹೋಗಿ ಮಲಗಿದರೆ ಸಾಕಿತ್ತು. ನಕ್ಕರು. ಆಮೇಲೆ, ಯಾರೂ ಕೇಳದಿದ್ದರೂ, ಅದೇ ಟಿಕೆಟ್ಟಿಗೆ ಇನ್ನೊಂದು ಚಿತ್ರ ಶುರುವಾಯಿತು. ಒಂದು ಶ್ರೀಮಂತ ಮನೆತನ ನಿಧಾನವಾಗಿ, ಬಹಳ ನಿಧಾನವಾಗಿ, ಹಾಳಾಗುವ ಕಥೆ. ಬಂಗಲೆಯ ತುಂಬ ಕತ್ತಲು, ಮೆಟ್ಟಿಲ ಮೇಲೆ ಪಿಸುಮಾತು, ಮದುವೆಯಾಗದ ಸೋದರತ್ತೆಯೊಬ್ಬಳ ಅಳು. ಜನ ಮತ್ತೆ ನಕ್ಕರು. ಅವಳು ಅತ್ತ ಕಡೆಯೇ ನಕ್ಕರು.

ಆಮೇಲೆ ಕೈಗೊಂದು ಕಾರ್ಡು ಕೊಟ್ಟು ಅಭಿಪ್ರಾಯ ಬರೆಯಿರಿ ಎಂದರು. ರಾತ್ರಿ ಹೊತ್ತು ಮೀರಿದ ಮೇಲೆ ನಿದ್ದೆಗಣ್ಣಿನವನ ಕೈಗೆ ಪೆನ್ಸಿಲು ಕೊಟ್ಟರೆ ಏನು ಬರೆಯುತ್ತಾನೋ ಅದನ್ನೇ ಬರೆದರು. 125 ಕಾರ್ಡು ಬಂದವು: 72ರಲ್ಲಿ ಬೈಗುಳ, 53ರಲ್ಲಿ ಮೆಚ್ಚುಗೆ. ಅಂದರೆ ನೂರಕ್ಕೆ 42 ಮಂದಿ ಒಪ್ಪಿದ ಹಾಗಾಯಿತು. 2023ರಲ್ಲಿ ಕರ್ನಾಟಕದಲ್ಲಿ ಹೆಚ್ಚುಕಡಿಮೆ ಇಷ್ಟೇ ಪಾಲು ಮತ ಪಡೆದ ಪಕ್ಷ 135 ಸೀಟು ಗೆದ್ದು, ಮುಖ್ಯಮಂತ್ರಿ ಯಾರಾಗಬೇಕು ಎಂದು ದಿನಗಟ್ಟಲೆ ಹಗ್ಗಜಗ್ಗಾಟ ಆಡುವಷ್ಟು ನಿಶ್ಚಿಂತೆಯಿಂದ ಸರ್ಕಾರ ರಚಿಸಿತು. ಹಾಲಿವುಡ್ಡಿನಲ್ಲಿ ಮಾತ್ರ ಅದು ಠೇವಣಿ ಕಳೆದುಕೊಂಡ ಲೆಕ್ಕ.

ಚಿತ್ರದ ಹೆಸರು ‘ದ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್’. ನಿರ್ದೇಶಕ ಆರ್ಸನ್ ವೆಲ್ಸ್, ವಯಸ್ಸು 26. ಆ ರಾತ್ರಿ ಟಾಕೀಸಿನಲ್ಲಿ ಅವನಿರಲಿಲ್ಲ, ಬ್ರೆಜಿಲ್‌ನಲ್ಲಿದ್ದ. ಇದ್ದವರು ಆರ್‌ಕೆಓ ಸ್ಟುಡಿಯೋದ ಅಧ್ಯಕ್ಷ ಜಾರ್ಜ್ ಶೇಫರ್ ಸಾಹೇಬರು. ಕೆಲವೇ ದಿನಗಳಲ್ಲಿ ಅವರು ವೆಲ್ಸ್‌ಗೆ ಕಾಗದ ಬರೆದು ಗೋಳು ತೋಡಿಕೊಂಡರು: ಈ ಧಂದೆಯಲ್ಲಿ 28 ವರ್ಷದಿಂದ ಇದ್ದೇನೆ, ಇಂಥ ಸಂಕಟ ಎಂದೂ ಪಟ್ಟಿರಲಿಲ್ಲ, ಎರಡು ಗಂಟೆ ಕಾಲ ದವಡೆಗೆ ಒಂದರ ಮೇಲೊಂದು ಗುದ್ದು ತಿಂದ ಹಾಗಾಯಿತು ಎಂದು.

ಶೇಫರ್ ಸಾಹೇಬರನ್ನು ಖಳನಾಯಕ ಎಂದುಕೊಳ್ಳಬೇಡಿ. ಈ ಪ್ರಕರಣದಲ್ಲಿ ಆ ಪಾತ್ರವೇ ಇಲ್ಲ, ನನಗೆ ರುಚಿಸುವುದು ಅದೇ. ಒಬ್ಬೊಬ್ಬರ ಬಳಿಯೂ ಒಂದೊಂದು ನ್ಯಾಯವಾದ ಕಾರಣವಿತ್ತು, ಒಬ್ಬೊಬ್ಬರೂ ಚಿತ್ರದ ಒಳಿತಿಗೆಂದೇ ಕೈ ಹಾಕಿದರು, ಸುಮಾರು 132 ನಿಮಿಷದ ಚಿತ್ರ 88 ನಿಮಿಷಕ್ಕೆ ಬಂದು ನಿಂತಿತು. ಕೇಡಿಗನೊಬ್ಬ ಇದ್ದಿದ್ದರೆ ಇಷ್ಟು ಅಚ್ಚುಕಟ್ಟಾಗಿ ಕೆಡಿಸಲು ಅವನಿಂದ ಆಗುತ್ತಿರಲಿಲ್ಲ.

ವೆಲ್ಸ್‌ನನ್ನು ಹಾಲಿವುಡ್ಡಿಗೆ ಕರೆತಂದವರೇ ಶೇಫರ್. 1938ರಲ್ಲಿ ಮಂಗಳಗ್ರಹದವರು ದಾಳಿಯಿಟ್ಟರೆಂದು ರೇಡಿಯೋ ನಾಟಕ ಆಡಿಸಿ ಅಮೆರಿಕದ ಒಂದಷ್ಟು ಜನರನ್ನು ಬೆಚ್ಚಿಬೀಳಿಸಿದ ಹುಡುಗ. ಅವನಿಗೆ ಮರುವರ್ಷ ಯಾರೂ ಕಂಡುಕೇಳರಿಯದ ಕರಾರು ಬರೆದುಕೊಟ್ಟರು: ಬರಿ, ನಟಿಸು, ನಿರ್ದೇಶಿಸು, ಕೊನೆಯ ಕತ್ತರಿಯೂ ನಿನ್ನದೇ. ಅದರಿಂದ ‘ಸಿಟಿಜನ್ ಕೇನ್’ ಹುಟ್ಟಿತು. ಪತ್ರಿಕೆಗಳ ದೊರೆ ಹರ್ಸ್ಟ್ ಅದು ತನ್ನ ಮೇಲಿನ ಚಿತ್ರವೆಂದು ಕೆಂಡವಾದ. ವಿಮರ್ಶಕರು ಕೊಂಡಾಡಿದರು, ಟಾಕೀಸುಗಳವರು ಹಿಂಜರಿದರು. ಹೊಗಳಿಕೆ ಬ್ಯಾಂಕಿನಲ್ಲಿ ಜಮೆಯಾಗುವುದಿಲ್ಲವಲ್ಲ. ಮುಂದಿನ ಚಿತ್ರಗಳಿಗೆ ಹೊಸ ಕರಾರು ಬಂದಾಗ ಅದರಲ್ಲಿ ಕತ್ತರಿಯ ಹಕ್ಕು ಇರಲಿಲ್ಲ. ವೆಲ್ಸ್ ಸಹಿ ಹಾಕಿದ. ವೆಲ್ಸ್ ಭಕ್ತರು ಸ್ಟುಡಿಯೋದ ಕ್ರೌರ್ಯದ ಬಗ್ಗೆ ಗ್ರಂಥಗಳನ್ನೇ ಬರೆದಿದ್ದಾರೆ. ಈ ಸಹಿಯ ಹತ್ತಿರ ಬಂದಾಗ ಅವರ ಪೆನ್ನಿನಲ್ಲಿ ಶಾಯಿ ಖಾಲಿಯಾಗುತ್ತದೆ.

ಆಂಬರ್ಸನ್ಸ್ ಕಥೆ ಬೂತ್ ಟಾರ್ಕಿಂಗ್ಟನ್ ಎಂಬ ಲೇಖಕನ 1918ರ ಕಾದಂಬರಿಯದು, ಪುಲಿಟ್ಜರ್ ಪಡೆದದ್ದು. ಸಣ್ಣ ಊರಿನ ದೊಡ್ಡಮನೆ, ಅದರ ಮುದ್ದಿನ ಮೊಮ್ಮಗ ಜಾರ್ಜ್. ವಿಧವೆ ತಾಯಿ ತನ್ನ ಹಳೆಯ ಪ್ರೇಮಿಯನ್ನು, ಮೋಟಾರು ಕಾರು ಮಾಡುವ ಯೂಜೀನನ್ನು, ಮದುವೆಯಾಗದಂತೆ ಅಡ್ಡ ನಿಲ್ಲುವ ಮಗ. ಅತ್ತ ಕಾರು ಬಂದು ಊರು ಬೆಳೆಯುತ್ತದೆ, ಇತ್ತ ಮನೆ ಕುಸಿಯುತ್ತದೆ. ಇದನ್ನು ವೆಲ್ಸ್ 1939ರಲ್ಲೇ ರೇಡಿಯೋಗೆ ಮಾಡಿದ್ದ. ಆ ಮುದ್ರಿಕೆಯನ್ನು ಶೇಫರ್‌ಗೆ ಕೇಳಿಸಿದಾಗ ಸಾಹೇಬರು ನಡುವೆ ನಿದ್ದೆ ಹೋದರು, ಎದ್ದು ಒಪ್ಪಿಗೆ ಕೊಟ್ಟರು ಎಂಬ ಕಥೆಯಿದೆ. ನಿಜವೋ ಸುಳ್ಳೋ, ಪೊಮೋನಾದ ಫಲಿತಾಂಶ ಅವತ್ತೇ ಗೊತ್ತಾಗಬೇಕಿತ್ತು. ನಿದ್ದೆಗಿಂತ ಪ್ರಾಮಾಣಿಕವಾದ ಅಭಿಪ್ರಾಯ ಕಾರ್ಡು ಇನ್ನೊಂದಿಲ್ಲ.

1941ರ ಅಕ್ಟೋಬರ್ ಕೊನೆಯಲ್ಲಿ ಚಿತ್ರೀಕರಣ ಶುರುವಾಯಿತು. ಬಂಗಲೆಯ ಸೆಟ್ ಅಂದರೆ ತೋರಿಕೆಯ ಸೆಟ್ ಅಲ್ಲ. ಕೋಣೆಗಳಿಗೆ ಸೂರು, ನಡುವೆ ಮೇಲೇರಿ ಸುತ್ತುವ ಭಾರಿ ಮೆಟ್ಟಿಲು, ಕ್ಯಾಮೆರಾ ನುಗ್ಗಿ ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುವ ಗೋಡೆಗಳು. ಅಲ್ಲಿ ಒಂದು ಔತಣದ ರಾತ್ರಿಯನ್ನು ಕ್ಯಾಮೆರಾ ಕೋಣೆಯಿಂದ ಕೋಣೆಗೆ ನಡೆದೇ ನೋಡಬೇಕು ಎಂಬುದು ವೆಲ್ಸ್ ಹಟ. ಕ್ಯಾಮೆರಾಮನ್ ಸ್ಟ್ಯಾನ್ಲಿ ಕೊರ್ಟೆಜ್ ಬೆಳಕು ಜೋಡಿಸುವುದರಲ್ಲಿ ಮಹಾ ಕಲಾವಿದ, ಅಷ್ಟೇ ನಿಧಾನಿ. ಅವನು ದೀಪ ಹಚ್ಚಿ ಮುಗಿಸುವುದರೊಳಗೆ ಲೆಕ್ಕಪತ್ರದವರ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಅಜ್ಜನ ಪಾತ್ರದ ರಿಚರ್ಡ್ ಬೆನೆಟ್ ಒಂದು ಕಾಲದಲ್ಲಿ ರಂಗಭೂಮಿಯ ದೊಡ್ಡ ನಟ. ಈಗ ಮಾತು ನೆನಪಿರುತ್ತಿರಲಿಲ್ಲ. ವೆಲ್ಸ್ ಕ್ಯಾಮೆರಾದ ಹಿಂದೆ ಕುಳಿತು ಒಂದೊಂದೇ ಸಾಲು ಹೇಳಿಕೊಡುವುದು, ಮುದುಕ ಬೆಂಕಿಯ ಬೆಳಕಿನಲ್ಲಿ ಅದನ್ನೇ ನಿಧಾನವಾಗಿ ಆಡುವುದು. ಆ ದೃಶ್ಯ ಇವತ್ತಿಗೂ ಚಿತ್ರದಲ್ಲಿದೆ. ಸಾಯುವ ಮುನ್ನ ಅಜ್ಜ ಯೋಚಿಸುತ್ತಿದ್ದಾನೆ ಎಂದು ನಾವು ಮೈಮರೆಯುತ್ತೇವೆ. ಅವನು ಮುಂದಿನ ಸಾಲಿಗೆ ಕಾಯುತ್ತಿದ್ದಾನೆ.

ಹಿಮದ ದೃಶ್ಯ ಇನ್ನೊಂದು ಅವತಾರ. ಲಾಸ್ ಏಂಜಲಿಸ್‌ನಲ್ಲಿ ಹಿಮ ಬೇಕಾದರೆ ಬಿಳಿ ಬಣ್ಣದ ಕಾರ್ನ್‌ಫ್ಲೇಕ್ಸ್ ಚೆಲ್ಲಿ, ಫ್ಯಾನು ಹಾಕಿ ಕೆಲಸ ಮುಗಿಸುವುದು ಆ ಕಾಲದ ಸ್ಟುಡಿಯೋದವರಿಗೆ ರೂಢಿ. ವೆಲ್ಸ್‌ಗೆ ಸಾಲದು. ಮಾತಾಡುವಾಗ ಬಾಯಿಂದ ಹಬೆ ಬರಬೇಕು. ಸರಿ, ನಗರದ ಮಧ್ಯದ ಐಸ್ ಕಂಪನಿಯೊಂದರ ಶೀತಲ ಕೊಠಡಿಯನ್ನೇ ಬಾಡಿಗೆ ಹಿಡಿದರು. ಒಳಗೆ ಜಾರುಬಂಡಿ, ಕುದುರೆ, ಹಿಮದಲ್ಲಿ ಹೂತು ಕೂತ ಹಳೆಯ ಮೋಟಾರು, ಅದನ್ನು ಹಾಡುತ್ತಾ ತಳ್ಳುವ ನಟರು. ಹೊರಗೆ ಕ್ಯಾಲಿಫೋರ್ನಿಯಾದ ಬಿಸಿಲು. ನಟರಿಗೆ ಶೀತ ಹಿಡಿಯಿತು, ವೆಲ್ಸ್‌ಗೆ ಹಬೆ ಸಿಕ್ಕಿತು. ಇಡೀ ಚಿತ್ರದಲ್ಲಿ ಎಲ್ಲರೂ ಒಟ್ಟಿಗೆ ಸುಖವಾಗಿರುವುದು ಅದೊಂದೇ ಹೊತ್ತು, ಅದೂ ಐಸ್ ಡಬ್ಬಿಯೊಳಗೆ.

ಅಡುಗೆಮನೆಯ ದೃಶ್ಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಚಿತ್ರದ ತೂಕ ಇರುವುದು ಅಲ್ಲಿ. ಜಾರ್ಜ್ ಪಾತ್ರದ ಟಿಮ್ ಹೋಲ್ಟ್ ಮೇಜಿನ ಮುಂದೆ ಕುಳಿತು ಸ್ಟ್ರಾಬೆರಿ ಕೇಕನ್ನು ಗಬಗಬ ಮುಕ್ಕುತ್ತಿದ್ದಾನೆ. ಪಕ್ಕದಲ್ಲಿ ಸೋದರತ್ತೆ ಫ್ಯಾನಿ, ಅಂದರೆ ಆಗ್ನೆಸ್ ಮೂರ್‌ಹೆಡ್. ಅವಳಿಗೂ ಯೂಜೀನ್ ಮೇಲೆ ಮನಸ್ಸಿದೆ, ಅದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಇನ್ನಷ್ಟು ಬೇಕಾ, ನಿಧಾನ ತಿನ್ನು ಎನ್ನುತ್ತಾ ನಡುನಡುವೆ ಅವನ ಸುದ್ದಿಯನ್ನು ಕೆದಕುತ್ತಾಳೆ. ಕ್ಯಾಮೆರಾ ಅಲುಗುವುದಿಲ್ಲ, ಎಲ್ಲೂ ಕಟ್ ಇಲ್ಲ. ಸೋದರಮಾವ ಬಂದು ಸೇರಿಕೊಂಡು ಇಬ್ಬರೂ ಅವಳನ್ನು ರೇಗಿಸುತ್ತಾರೆ. ಅವಳು ಅಳುತ್ತಾ ಓಡುತ್ತಾಳೆ. ಹುಡುಗನ ಬಾಯಲ್ಲಿ ಇನ್ನೂ ಕೇಕು. ಪೊಮೋನಾದವರ ನಗೆಗೆ ಗುರಿಯಾದದ್ದು ಈ ಅತ್ತೆಯೇ. ಅದೇ ವರ್ಷ ನ್ಯೂಯಾರ್ಕ್ ಚಿತ್ರ ವಿಮರ್ಶಕರ ಬಳಗ ಶ್ರೇಷ್ಠ ನಟಿ ಎಂದು ಪ್ರಶಸ್ತಿ ಕೊಟ್ಟದ್ದೂ ಈ ಅತ್ತೆಗೇ. ಎರಡು ತೀರ್ಪಿನ ನಡುವೆ ಕೆಲವೇ ತಿಂಗಳು.

ಚಿತ್ರೀಕರಣ ಮುಗಿಯುತ್ತ ಬಂದಾಗ ನಮ್ಮ ಪ್ರತಿಭಾವಂತ ಹಗಲು ಆಂಬರ್ಸನ್ಸ್ ನಿರ್ದೇಶಿಸುತ್ತಿದ್ದ, ರಾತ್ರಿ ‘ಜರ್ನಿ ಇನ್‌ಟು ಫಿಯರ್’ ಎಂಬ ಇನ್ನೊಂದು ಚಿತ್ರದಲ್ಲಿ ನಟಿಸುತ್ತಿದ್ದ, ನಡುವೆ ರೇಡಿಯೋ ಕಾರ್ಯಕ್ರಮ. ಸಾಲದೆಂಬಂತೆ ದೇಶಸೇವೆಯ ಕರೆ ಬಂತು. ಕರೆದವರು ನೆಲ್ಸನ್ ರಾಕ್‌ಫೆಲರ್. ಸರ್ಕಾರದಲ್ಲಿ ಲ್ಯಾಟಿನ್ ಅಮೆರಿಕದ ಬಾಂಧವ್ಯ ನೋಡಿಕೊಳ್ಳುವ ಅಧಿಕಾರಿ. ಆರ್‌ಕೆಓದಲ್ಲಿ ಅವರ ಮನೆತನದ ಪಾಲೂ ಇತ್ತು. ದೇಶವೂ ಕಂಪನಿಯೂ ಒಂದೇ ಬಾಯಲ್ಲಿ ಕರೆದರೆ ಇಲ್ಲ ಎನ್ನುವುದು ಹೇಗೆ? ಬ್ರೆಜಿಲ್‌ಗೆ ಹೋಗಿ ಅಲ್ಲಿನ ಕಾರ್ನಿವಲ್ ಚಿತ್ರೀಕರಿಸಿ ನೆರೆಹೊರೆಯ ಸ್ನೇಹ ಬೆಳೆಸಬೇಕು, ಸಂಬಳ ಇಲ್ಲ. ಕಾರ್ನಿವಲ್ ಫೆಬ್ರವರಿಯಲ್ಲಿ. ಸಂಕಲನ ಇನ್ನೂ ಆಗಬೇಕು. ಹಬ್ಬವನ್ನು ಮುಂದೂಡಲು ಆಗುವುದಿಲ್ಲ, ಚಿತ್ರವನ್ನು ಬೇರೆಯವರ ಕೈಗೆ ಒಪ್ಪಿಸಲು ಆಗುತ್ತದೆ. ವೆಲ್ಸ್ ಹೊರಟ.

ದಾರಿಯಲ್ಲಿ ಮಯಾಮಿಯಲ್ಲಿ ಸಂಕಲನಕಾರ ರಾಬರ್ಟ್ ವೈಸ್ ಜೊತೆ ಕುಳಿತು ನಿರೂಪಣೆಯ ಧ್ವನಿ ಮುದ್ರಿಸಿದ, ಏನೇನು ಮಾಡಬೇಕೆಂದು ಹೇಳಿದ. ವೈಸ್ ರೀಲುಗಳನ್ನು ಹೊತ್ತು ಹಿಂದೆಯೇ ರಿಯೋಗೆ ಬರುವುದೆಂದು ಮಾತಾಗಿತ್ತು. ಯುದ್ಧದ ಕಾಲ, ಪ್ರಯಾಣಕ್ಕೆ ನಿರ್ಬಂಧ. ವೈಸ್ ಹೋಗಲಾಗಲಿಲ್ಲ, ರೀಲು ಮಾತ್ರ ಹೋಯಿತು. ಹಾಗಾಗಿ ಸಿನಿಮಾ ಇತಿಹಾಸದಲ್ಲೇ ಬಲು ಸೂಕ್ಷ್ಮವಾದ ಸಂಕಲನವೊಂದು ಟೆಲಿಗ್ರಾಂ ಮೂಲಕ ನಡೆಯತೊಡಗಿತು. ಇಲ್ಲಿ ಭಕ್ತರು ಮರೆಯುವ ಇನ್ನೊಂದು ಸಂಗತಿ: ಮೊಟ್ಟಮೊದಲ ದೊಡ್ಡ ಕತ್ತರಿ ಹಾಕಿಸಿದ್ದು ವೆಲ್ಸ್ ತಾನೇ. ನಡುಭಾಗದ ಸುಮಾರು 22 ನಿಮಿಷ ತೆಗೆದುಬಿಡಿ ಎಂದು ರಿಯೋದಿಂದ ತಂತಿ ಹೊಡೆದ. ಪೊಮೋನಾದವರು ಕಂಡದ್ದು ಹಾಗೆ ನಡು ಮುರಿದ ಚಿತ್ರವನ್ನು. ಎತ್ತು ಈಯಿತು ಎಂದವನು ಮಾಲೀಕನೇ ಆದಮೇಲೆ ಕೊಟ್ಟಿಗೆಗೆ ಕಟ್ಟಿದವರನ್ನು ಬೈದು ಏನು ಫಲ?

ಎರಡು ದಿನ ಬಿಟ್ಟು ಪ್ಯಾಸಡೀನಾದಲ್ಲಿ ಇನ್ನೊಂದು ಪ್ರದರ್ಶನವಾಯಿತು. ವೈಸ್ ಆ ನಡುಭಾಗವನ್ನು ಮತ್ತೆ ಸೇರಿಸಿ, ಬೇರೆ ಕಡೆ ಒಂದಿಷ್ಟು ಕತ್ತರಿಸಿದ್ದ. 85 ಕಾರ್ಡು ಬಂದವು, ಬೈದದ್ದು 18 ಮಾತ್ರ. ನೂರಕ್ಕೆ ಎಂಬತ್ತರಷ್ಟು ಮಂದಿ ಬೈಯದೆ ಎದ್ದುಹೋದ ಚಿತ್ರ. ಆದರೆ ನಮ್ಮಲ್ಲಿ ಕೆಲವರಿದ್ದಾರೆ ನೋಡಿ, ಒಂದು ಲ್ಯಾಬಿನಲ್ಲಿ ಶುಗರ್ ಇದೆ ಎಂದು ಬಂದ ಮೇಲೆ ಇನ್ನೊಂದು ಲ್ಯಾಬಿನ ನಾರ್ಮಲ್ ರಿಪೋರ್ಟನ್ನು ಜೇಬಿನಲ್ಲೇ ಮಡಚಿಟ್ಟುಕೊಂಡು ಸಿಹಿ ಬಿಟ್ಟೆ, ಅನ್ನ ಬಿಟ್ಟೆ ಎಂದು ಓಡಾಡುವವರು. ಆರ್‌ಕೆಓದವರೂ ಪ್ಯಾಸಡೀನಾವನ್ನು ಮಡಚಿಟ್ಟುಕೊಂಡರು. ಭಯಕ್ಕೆ ಪುರಾವೆ ಬೇಕಾದಾಗ ಪೊಮೋನಾ ಒಂದೇ ಸಾಕು.

ಆಮೇಲೆ ಶುರುವಾಯಿತು ಸಮುದಾಯ ಸಂಕಲನ. ರಿಯೋದಿಂದ ಪುಟಗಟ್ಟಲೆ ಟೆಲಿಗ್ರಾಂ: ಇದನ್ನು ಇಡಿ, ಅದನ್ನು ತೆಗೆಯಿರಿ. ವೆಲ್ಸ್‌ನ ವ್ಯವಹಾರ ನೋಡಿಕೊಳ್ಳುತ್ತಿದ್ದ ಜ್ಯಾಕ್ ಮಾಸ್‌ನ ಕೋಣೆಗೆ ರಿಯೋ ಕರೆಗೆಂದೇ ಒಂದು ಫೋನು ಹಾಕಿಸಿದ್ದರು. ಅದು ಗಂಟೆಗಟ್ಟಲೆ ಬಡಿದುಕೊಳ್ಳುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ; ಉದ್ದುದ್ದ ತಂತಿಗಳು ಕಸದ ಬುಟ್ಟಿಗೆ ಹೋಗುತ್ತಿದ್ದವು ಎಂದು ಅಲ್ಲಿ ಓಡಾಡಿಕೊಂಡಿದ್ದ, ಮುಂದೆ ತಾನೇ ನಿರ್ದೇಶಕನಾದ ಸೈ ಎಂಡ್‌ಫೀಲ್ಡ್ ಹೇಳಿದ್ದಾನೆ. ಎತ್ತಿದ್ದರೂ ಏನು ಮಾಡಬಹುದಿತ್ತು? ಆ ಕಡೆಯವನಿಗೆ ಕಾಣದ ಚಿತ್ರವನ್ನು ಈ ಕಡೆಯವನು ಮಾತಿನಲ್ಲಿ ತೋರಿಸುವುದು ಹೇಗೆ?

ವೈಸ್ ಕತ್ತರಿಸಿದ, ಒಂದೆರಡು ದೃಶ್ಯ ತಾನೇ ಹೊಸದಾಗಿ ತೆಗೆದ. ಮಾಸ್ ಕೈಯಾಡಿಸಿದ. ಕೊನೆಯ ದೃಶ್ಯವನ್ನು ಸಹಾಯಕ ನಿರ್ದೇಶಕ ಫ್ರೆಡ್ಡಿ ಫ್ಲೆಕ್ ತೆಗೆದ. ವೆಲ್ಸ್ ಚಿತ್ರಿಸಿದ್ದ ಅಂತ್ಯದಲ್ಲಿ ಫ್ಯಾನಿ ಅತ್ತೆ ಬಾಡಿಗೆ ವಸತಿಗೃಹವೊಂದರಲ್ಲಿದ್ದಾಳೆ. ಯೂಜೀನ್ ನೋಡಲು ಬರುತ್ತಾನೆ. ಅವಳು ತೂಗುಕುರ್ಚಿಯಲ್ಲಿ, ಗ್ರಾಮಫೋನಿನಲ್ಲಿ ಯಾವುದೋ ಹಾಸ್ಯದ ರೆಕಾರ್ಡು ಓಡುತ್ತಿದೆ, ಇಬ್ಬರಿಗೂ ಆಡಲು ಮಾತಿಲ್ಲ. ಬದಲಿಗೆ ಬಂದ ಅಂತ್ಯದಲ್ಲಿ ಆಸ್ಪತ್ರೆಯ ಪಡಸಾಲೆ, ಸಂಗೀತ ಉಕ್ಕುತ್ತಿದೆ, ಯೂಜೀನ್ ಮತ್ತು ಫ್ಯಾನಿ ಜೋಡಿಯಾಗಿ ನಗುತ್ತಾ ನಡೆದುಬರುತ್ತಾರೆ. ಎಲ್ಲ ಸರಿಹೋಯಿತು, ಮನೆಗೆ ಹೋಗಿ ಎಂಬಂತೆ. ಸ್ಟುಡಿಯೋದ ಪರವಾಗಿ ಒಂದು ಮಾತು ಹೇಳಬೇಕು: ಕಾದಂಬರಿಯಲ್ಲೂ ಆಸ್ಪತ್ರೆಯ ರಾಜಿಯೇ ಇರುವುದು. ಕಾದಂಬರಿಗೆ ಎದುರಾಗಿ ನಡೆದವನು ವೆಲ್ಸ್; ಅವನಿಗೆ ಎದುರಾಗಿ ನಡೆದವರು ನಿಷ್ಠರು. ನಿಷ್ಠೆಯಿಂದ ಎಂಥ ಪೆಚ್ಚು ದೃಶ್ಯ ಬರಬಹುದು ಎಂದು ತಿಳಿಯಬೇಕಾದವರು ಆ ಪಡಸಾಲೆಯನ್ನೊಮ್ಮೆ ನೋಡಬೇಕು.

ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಒಬ್ಬನೇ ಕೂಡಲೇ ಗುದ್ದು ಹಿಂತಿರುಗಿಸಿದವನು. ತನ್ನ ಸಂಗೀತದಲ್ಲಿ ಅರ್ಧಕ್ಕೂ ಹೆಚ್ಚು ಕಿತ್ತುಹಾಕಿ ರಾಯ್ ವೆಬ್‌ನ ಕೈಲಿ ಬೇರೆ ಬರೆಸಿದ್ದು ತಿಳಿದಾಗ ನನ್ನ ಹೆಸರು ತೆಗೆಯಿರಿ ಎಂದ, ತೆಗೆಸಿದ. ಈ ಚಿತ್ರದಲ್ಲಿ ಕೊನೆಗೆ ಹೆಸರುಗಳು ಪರದೆ ಮೇಲೆ ಓಡುವುದಿಲ್ಲ, ವೆಲ್ಸ್ ತಾನೇ ಒಂದೊಂದಾಗಿ ಓದಿ ಹೇಳುತ್ತಾನೆ. ಫ್ಲೆಕ್ ತೆಗೆದ ಆ ಪಡಸಾಲೆಯ ದೃಶ್ಯ ಮುಗಿದದ್ದೇ ತಡ, ಗಂಭೀರ ಕಂಠದಲ್ಲಿ ವೆಲ್ಸ್ ಇದನ್ನು ಬರೆದವನೂ ನಿರ್ದೇಶಿಸಿದವನೂ ನಾನೇ ಎಂದು ಸಾರುತ್ತಾನೆ. ಇಡೀ ಚಿತ್ರದಲ್ಲಿ ಉದ್ದೇಶಪಡದೆ ಮೂಡಿದ ಹಾಸ್ಯ ಅದೊಂದೇ, ಅದಕ್ಕೆ ಮಾತ್ರ ಯಾರೂ ಕತ್ತರಿ ಹಾಕಲಿಲ್ಲ.

ಸುಮಾರು 11 ಲಕ್ಷ ಡಾಲರ್ ಖರ್ಚಾದ ಚಿತ್ರ ಜುಲೈನಲ್ಲಿ ಬಿಡುಗಡೆಯಾಯಿತು. ಜೊತೆಗೆ, ಒಂದು ಟಿಕೆಟ್ಟಿಗೆ ಎರಡು ಎಂಬ ಲೆಕ್ಕದಲ್ಲಿ, ‘ಮೆಕ್ಸಿಕನ್ ಸ್ಪಿಟ್‌ಫೈರ್ ಸೀಸ್ ಎ ಘೋಸ್ಟ್’ ಎಂಬ ದೆವ್ವದ ಹಾಸ್ಯ ಚಿತ್ರ. ಆಂಬರ್ಸನ್ಸ್‌ನಿಂದ 6 ಲಕ್ಷ ಡಾಲರಿಗೂ ಮೀರಿ ನಷ್ಟ. ಜನರಿಗೆ ಹಿಡಿಸಲೆಂದು ಕತ್ತರಿಸಿದ್ದು ಜನರಿಗೂ ಹಿಡಿಸಲಿಲ್ಲ. ಅಷ್ಟರಲ್ಲಿ ಶೇಫರ್ ಸಾಹೇಬರ ಕುರ್ಚಿಯೇ ಹೋಗಿತ್ತು. ಹೊಸದಾಗಿ ಬಂದ ಚಾರ್ಲ್ಸ್ ಕೋರ್ನರ್ ವೆಲ್ಸ್‌ನ ತಂಡದವರನ್ನು ಸ್ಟುಡಿಯೋದಿಂದ ಹೊರಗೆ ಹಾಕಿಸಿದ. ಇನ್ನು ಮೇಲೆ ನಮ್ಮಲ್ಲಿ ಮೇಧಾವಿತನ ಇಲ್ಲ, ಜನರಂಜನೆ ಉಂಟು ಎಂಬರ್ಥದ ಘೋಷಣೆಯನ್ನೇ ಕಂಪನಿ ಹೊರಡಿಸಿತು. ಬುದ್ಧಿ ಇಲ್ಲವೆಂದು ಜಾಹೀರಾತು ಕೊಟ್ಟು ಹೇಳುವ ಪ್ರಾಮಾಣಿಕತೆ ಆಮೇಲಿನ ಯಾವ ಕಂಪನಿಗೂ ಬಂದಿಲ್ಲ. ಮಾತಿಗೆ ತಪ್ಪಲಿಲ್ಲ ಎನ್ನಿ: ಆಂಬರ್ಸನ್ಸ್ ಬಂಗಲೆಯ ಅದೇ ಮೆಟ್ಟಿಲನ್ನು ಬಳಸಿಕೊಂಡು ಅದೇ ವರ್ಷ ‘ಕ್ಯಾಟ್ ಪೀಪಲ್’ ಎಂಬ ಅಗ್ಗದ ಭಯಾನಕ ಚಿತ್ರ ಮಾಡಿದರು. ಅದು ಹಣ ತಂದಿತು. ಒಳ್ಳೆಯ ಚಿತ್ರವೂ ಹೌದು, ಅದೇ ಹೊಟ್ಟೆಯುರಿ.

ಬ್ರೆಜಿಲ್‌ನ ಕಥೆಯೂ ಸುಖವಾಗಿ ಮುಗಿಯಲಿಲ್ಲ. ಕಾರ್ನಿವಲ್ ದೃಶ್ಯಗಳಲ್ಲಿ ಕಪ್ಪು ಜನರೂ ಕೊಳೆಗೇರಿಗಳೂ ಕಾಣುತ್ತಿವೆ ಎಂದು ಸ್ಟುಡಿಯೋದವರು ಮುಖ ಸಿಂಡರಿಸಿದರು. ಸ್ನೇಹ ಬೇಕಿತ್ತು, ನೆರೆಹೊರೆಯವರು ಬೇಕಿರಲಿಲ್ಲ. 1941ರಲ್ಲಿ ಫೋರ್ಟಲೆಜಾದ ನಾಲ್ವರು ಮೀನುಗಾರರು ತಮ್ಮ ಕಷ್ಟ ಹೇಳಿಕೊಳ್ಳಲು ತೆಪ್ಪದಲ್ಲಿ ರಿಯೋವರೆಗೆ ಬಂದು ಅಧ್ಯಕ್ಷರನ್ನು ಕಂಡಿದ್ದರು. ವೆಲ್ಸ್ ಆ ಪಯಣವನ್ನು ಚಿತ್ರಿಸಲು ಹೊರಟ. 1942ರ ಮೇ 19ರಂದು ಚಿತ್ರೀಕರಣದ ವೇಳೆ ತೆಪ್ಪ ಮಗುಚಿ ಅವರ ನಾಯಕ ಜಕಾರೆ ಸಮುದ್ರಪಾಲಾದ. ಅಷ್ಟು ದೂರ ತೆಪ್ಪದಲ್ಲಿ ಬಂದು ಬದುಕಿದ್ದವನು ಕ್ಯಾಮೆರಾದ ಮುಂದೆ ಸತ್ತ. ಆ ಚಿತ್ರವನ್ನು ಪೂರ್ತಿ ಮಾಡಲು ವೆಲ್ಸ್‌ಗೆ ಆಗಲೇ ಇಲ್ಲ.

ಕತ್ತರಿಸಿದ ನೆಗೆಟಿವ್ ಏನಾಯಿತು ಎಂದು ಕೇಳಬೇಡಿ. ಉಗ್ರಾಣದಲ್ಲಿ ಜಾಗ ಸಾಲದು ಎಂದು ಸ್ಟುಡಿಯೋದವರೇ ನಾಶ ಮಾಡಿದರು. ಇದೂ ನ್ಯಾಯವಾದ ಕಾರಣವೇ. ಜಾಗ ಯಾರಿಗೆ ಸಾಲುತ್ತದೆ? 1972 ಮತ್ತು 1982ರಲ್ಲಿ ‘ಸೈಟ್ ಆ್ಯಂಡ್ ಸೌಂಡ್’ ಪತ್ರಿಕೆ ಜಗತ್ತಿನ ವಿಮರ್ಶಕರನ್ನು ಕೇಳಿ ಸಾರ್ವಕಾಲಿಕ ಶ್ರೇಷ್ಠ ಹತ್ತು ಚಿತ್ರಗಳ ಪಟ್ಟಿ ಮಾಡಿದಾಗ ಈ 88 ನಿಮಿಷದ ತುಂಡು ಅದರಲ್ಲಿತ್ತು. ಮುಂದೆ ‘ದ ಸೌಂಡ್ ಆಫ್ ಮ್ಯೂಸಿಕ್’ ನಿರ್ದೇಶಿಸಿ ಆಸ್ಕರ್ ಗೆದ್ದ ವೈಸ್ ಅದನ್ನೇ ತನ್ನ ಪರ ಸಾಕ್ಷಿಯಾಗಿ ಹೇಳುತ್ತಿದ್ದ: ಮೇರುಕೃತಿ ಎನ್ನುತ್ತೀರಲ್ಲ, ಹಾಗಾದರೆ ನಾವು ಅಷ್ಟೇನೂ ಕೆಡಿಸಿಲ್ಲ ಎಂದಾಯಿತು. ಕೈ ಕಡಿದ ಮೇಲೂ ರೋಗಿ ಚೆನ್ನಾಗಿ ಹಾಡುತ್ತಾನೆ ಎನ್ನುವ ವೈದ್ಯನಿಗೆ ಏನು ಉತ್ತರ ಕೊಡುವುದು?

ರಿಯೋಗೆ ಹೋದ ಆ ರೀಲು ಎಲ್ಲಾದರೂ ಉಳಿದಿರಬಹುದೆಂದು ಆಸೆಬುರುಕರು ಇವತ್ತಿಗೂ ಬ್ರೆಜಿಲ್‌ನ ಉಗ್ರಾಣಗಳ ಧೂಳು ಕೊಡವುತ್ತಿದ್ದಾರೆ. ಅಷ್ಟು ತಾಳ್ಮೆ ಇಲ್ಲದವರಿಗೆ ಈಗ ಎಐ ಬಂದಿದೆ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕಂಪನಿಯೊಂದು ಕಳೆದುಹೋದ 43 ನಿಮಿಷವನ್ನು ಎಐನಿಂದ ಮತ್ತೆ ಸೃಷ್ಟಿಸುವುದಾಗಿ ಪ್ರಕಟಿಸಿತು. ವೆಲ್ಸ್ ವಾರಸುದಾರರ ಕಡೆಯವರು ತಮಗೊಂದು ಮಾತೂ ಹೇಳಿಲ್ಲವೆಂದು ಸಿಟ್ಟಾದರು. ವೈಸ್, ಮಾಸ್, ಫ್ಲೆಕ್, ವೆಬ್ ಇವರ ಸಾಲಿಗೆ ಇನ್ನೊಬ್ಬ ಸಹ ನಿರ್ದೇಶಕ ಸೇರಿದ ಹಾಗಾಯಿತು. ಇವನು ಸಂಬಳ ಕೇಳುವುದಿಲ್ಲ, ರಿಯೋದಿಂದ ಫೋನು ಬಂದರೆ ತಕ್ಷಣ ಎತ್ತುತ್ತಾನೆ, ಎತ್ತಿ ನೀವು ಹೇಳಿದ್ದೇ ಸರಿ ಎನ್ನುತ್ತಾನೆ. ಚಿತ್ರದ ಹಕ್ಕು ಕೈಯಲ್ಲಿಲ್ಲವಾದ್ದರಿಂದ ಮಾಡಿದ್ದನ್ನು ಮಾರುವ ಯೋಚನೆ ಇಲ್ಲವೆಂದು ಕಂಪನಿಯೇ ಹೇಳಿದೆ. ಶೇಫರ್ ಸಾಹೇಬರ ಆಫೀಸಿನವರಾಗಿದ್ದರೆ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಅಲ್ಲಿಗೇ ಫೈಲು ಮುಚ್ಚುತ್ತಿದ್ದರು.